ಹಾರ್ಡ್ ಡಿಸ್ಕ್ ‘ಫಾರ್ಮ್ಯಾಟ್ ಮಾಡಬೇಕು’ ಎಂದರೆ ದಯವಿಟ್ಟು ಒತ್ತಬೇಡಿ: ನಾನು ಒತ್ತಿ ಕಳೆದುಕೊಂಡದ್ದು

ನಿಮ್ಮ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆರೆದುಕೊಳ್ಳದೆ, ‘ಈ ಡ್ರೈವ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಕಿಟಕಿ ಈಗ ಸ್ಕ್ರೀನ್ ಮೇಲೆ ಇದ್ದರೆ ಮೊದಲು ಕ್ಯಾನ್ಸಲ್ ಒತ್ತಿ. ಡಿಸ್ಕ್ ತೆಗೆದು ಪಕ್ಕಕ್ಕಿಡಿ. ಇದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನನ್ನದು 1 ಟಿಬಿ ಡಿಸ್ಕ್. ಒಂಬತ್ತು ವರ್ಷದ ಫೋಟೋಗಳಿದ್ದವು. ಅದಕ್ಕಿಂತ ಮುಖ್ಯವಾಗಿ, ಅಪ್ಪ ತಮ್ಮ ಕೊನೆಯ ವರ್ಷದಲ್ಲಿ ಹಳೆಯ ಸಂಗತಿಗಳನ್ನು ಹೇಳುತ್ತಿದ್ದಾಗ ನಾನು ರೆಕಾರ್ಡ್ ಮಾಡಿಕೊಂಡ 14 ಆಡಿಯೋ ಫೈಲುಗಳಿದ್ದವು. ಬೇರೆಲ್ಲೂ ಕಾಪಿ ಇರಲಿಲ್ಲ. ಇನ್ನೊಂದು ಕಾಪಿ ಮಾಡಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ, ಮಾಡಿರಲಿಲ್ಲ.

ಒಂದು ಸಂಜೆ ಲ್ಯಾಪ್‌ಟಾಪಿನಿಂದ ಡಿಸ್ಕಿಗೆ ಫೋಟೋ ಕಾಪಿ ಆಗುತ್ತಿತ್ತು. ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿರಲಿಲ್ಲ, ಒಂದು ಯುಎಸ್‌ಬಿ ಹಬ್‌ಗೆ ಹಾಕಿದ್ದೆ. ಅದೇ ಹಬ್‌ನಲ್ಲಿ ಮೌಸ್, ಪೆನ್‌ಡ್ರೈವ್, ಚಾರ್ಜ್ ಆಗುತ್ತಿದ್ದ ಫೋನ್ ಕೂಡ ಇದ್ದವು. ಕೈ ತಾಗಿ ಕೇಬಲ್ ಅಲುಗಾಡಿತು. ಸಂಪರ್ಕ ತಪ್ಪಿದ ಸದ್ದು ಬಂತು, ಕಾಪಿ ನಿಂತುಹೋಯಿತು. ಮತ್ತೆ ಸರಿಯಾಗಿ ಸಿಕ್ಕಿಸಿದೆ. ಲೈಟ್ ಹತ್ತಿತು, ಡಿಸ್ಕ್ ತಿರುಗಲು ಶುರುವಾಗಿ ಸಣ್ಣಗೆ ಗುಂಯ್‌ಗುಟ್ಟಿತು, ಎರಡು ಸೆಕೆಂಡಿಗೆ ‘ಟಿಕ್’ ಎಂದು ನಿಂತಿತು. ಮತ್ತೆ ಗುಂಯ್, ಮತ್ತೆ ಟಿಕ್. ‘ದಿಸ್ ಪಿಸಿ’ಯಲ್ಲಿ ಡಿಸ್ಕ್ ಕಾಣಲೇ ಇಲ್ಲ.

ಆ ಸದ್ದು ಕೇಳಿ ಡಿಸ್ಕೇ ಕೆಟ್ಟಿತು ಎಂದು ತೀರ್ಮಾನಿಸಿಬಿಟ್ಟೆ. ಅದಕ್ಕೆ ಆಗ ಸಾಕಷ್ಟು ಕರೆಂಟ್ ಸಿಗುತ್ತಿರಲಿಲ್ಲ, ಅಷ್ಟೇ. ಅಂಗೈಯಗಲದ ಪೋರ್ಟಬಲ್ ಡಿಸ್ಕುಗಳಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ, ಬೇಕಾದ 5 ವೋಲ್ಟ್ ವಿದ್ಯುತ್ತನ್ನು ಯುಎಸ್‌ಬಿ ಕೇಬಲ್ ಮೂಲಕವೇ ಎಳೆದುಕೊಳ್ಳುತ್ತವೆ. ಲೆಕ್ಕದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿ ಆಂಪಿಯರ್, 3.0 ಪೋರ್ಟ್ ಕೊಡುವುದು 900. ಡಿಸ್ಕಿನ ಮೋಟಾರಿಗೆ ಅತಿ ಹೆಚ್ಚು ಕರೆಂಟ್ ಬೇಕಾಗುವುದು ನಿಂತಲ್ಲಿಂದ ತಿರುಗಲು ಶುರು ಮಾಡುವ ಆ ಒಂದೆರಡು ಸೆಕೆಂಡಿನಲ್ಲಿ. ಸ್ವಂತ ಅಡಾಪ್ಟರ್ ಇಲ್ಲದ ಹಬ್ ತನಗೆ ಸಿಕ್ಕಿದ್ದನ್ನೇ ಎಲ್ಲರಿಗೂ ಹಂಚುತ್ತದೆ. ಕೇಬಲ್ ಉದ್ದವಾಗಿ, ತೆಳ್ಳಗೆ, ಹಳೆಯದಾಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ಆಗ ಡಿಸ್ಕ್ ಎದ್ದೇಳಲು ಹೋಗಿ ಕೂತುಬಿಡುತ್ತದೆ.

ಹಾಗಾಗಿ ಡಿಸ್ಕ್ ಕಾಣದಿದ್ದರೆ ಬೇರೇನೂ ಮಾಡುವ ಮೊದಲು ಹಬ್ ತೆಗೆಯಿರಿ, ಕಂಪ್ಯೂಟರಿನ ಪೋರ್ಟಿಗೇ ಹಾಕಿ. ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್‌ನ ಹಿಂಭಾಗದ, ಮದರ್‌ಬೋರ್ಡಿನದೇ ಪೋರ್ಟ್ ಒಳ್ಳೆಯದು. ಆಮೇಲೆ ಕೇಬಲ್ ಬದಲಿಸಿ. ಹೊಸ ಡಿಸ್ಕುಗಳಲ್ಲಿ ಟೈಪ್-ಸಿ ಇದ್ದರೆ ಕೈಗೆ ಸಿಕ್ಕ ಫೋನ್ ಚಾರ್ಜರ್ ಕೇಬಲ್ ಹಾಕುವವರಿದ್ದಾರೆ. ಅವುಗಳಲ್ಲಿ ಕೆಲವು ಬರೀ ಚಾರ್ಜಿಂಗ್‌ಗೆ ಮಾಡಿದವು, ಒಳಗೆ ಡೇಟಾ ತಂತಿಯೇ ಇರುವುದಿಲ್ಲ. ಲೈಟ್ ಹತ್ತುತ್ತದೆ, ಡಿಸ್ಕ್ ತಿರುಗುತ್ತದೆ, ಕಂಪ್ಯೂಟರಿಗೆ ಮಾತ್ರ ಏನೂ ತಿಳಿಯುವುದಿಲ್ಲ.

ನಾನು ನೇರ ಪೋರ್ಟಿಗೆ ಹಾಕಿದಾಗ ಟಿಕ್ ಸದ್ದು ನಿಂತಿತು, ಡಿಸ್ಕ್ ಒಂದೇ ಸಮನೆ ತಿರುಗಿತು, ‘ಇ’ ಡ್ರೈವ್ ಎಂದು ಕಾಣಿಸಿಕೊಂಡಿತು. ತೆರೆಯಲು ಹೋದರೆ ಆ ಫಾರ್ಮ್ಯಾಟ್ ಕಿಟಕಿ ಬಂತು. ಕಾಪಿ ನಡೆಯುತ್ತಿರುವಾಗಲೇ ಸಂಪರ್ಕ ತಪ್ಪಿದ್ದರಿಂದ, ಯಾವ ಫೈಲು ಡಿಸ್ಕಿನ ಯಾವ ಜಾಗದಲ್ಲಿದೆ ಎಂದು ಬರೆದಿಡುವ ಲೆಕ್ಕದ ಭಾಗ ಹಾಳಾಗಿತ್ತು. ವಿಂಡೋಸ್‌ನಲ್ಲಿ ಡಿಸ್ಕುಗಳ ಸ್ಥಿತಿ ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್ ಕಿಟಕಿಯಲ್ಲಿ ಇದನ್ನು ‘ರಾ’ ಎಂದು ತೋರಿಸುತ್ತದೆ. ಫೈಲುಗಳು ಇದ್ದಲ್ಲೇ ಇದ್ದವು. ಆ ಗಳಿಗೆಯಲ್ಲಿ ಅಪ್ಪನ 14 ಫೈಲುಗಳೂ ಕ್ಷೇಮವಾಗಿದ್ದವು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೊದಲ ಸಲ ಕ್ಯಾನ್ಸಲ್ ಒತ್ತಿದೆ. ಕಂಪ್ಯೂಟರ್ ರಿಪೇರಿ ಮಾಡುವ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. “ಏನೂ ಹೆದರ್ಬೇಡಿ, ಫಾರ್ಮ್ಯಾಟ್ ಕೊಡಿ. ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿದ್ರೆ ಎಲ್ಲಾ ವಾಪಸ್ ಬರುತ್ತೆ” ಎಂದರು. ಅವರು ಬೇಕಂತ ತಪ್ಪು ಹೇಳಲಿಲ್ಲ. ಈ ಸಲಹೆ ಎಲ್ಲ ಕಡೆ ಓಡಾಡುತ್ತಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಫಾರ್ಮ್ಯಾಟ್ ಕಿಟಕಿಯ ಕೆಳಗೆ ‘ಕ್ವಿಕ್ ಫಾರ್ಮ್ಯಾಟ್’ ಎಂಬ ಚೌಕದಲ್ಲಿ ಟಿಕ್ ಮೊದಲೇ ಇರುತ್ತದೆ. ಅವಸರದ ಕೆಲಸ ಬೇಡ, ಸಾವಕಾಶವಾಗಿ ಸರಿಯಾಗಿ ಆಗಲಿ ಎಂದುಕೊಂಡು ನಾನು ಆ ಟಿಕ್ ತೆಗೆದೆ. ಸ್ಟಾರ್ಟ್ ಒತ್ತಿದೆ. ಹಸಿರು ಪಟ್ಟಿ ನಿಧಾನಕ್ಕೆ ಮುಂದೆ ಹೋಗುತ್ತಿತ್ತು. ಒಂದು ಗಂಟೆಯ ಹತ್ತಿರವಾದಾಗ, ಸುಮಾರು ಮೂರನೇ ಒಂದು ಭಾಗ ಮುಗಿದಿದ್ದಾಗ, ಏಕೋ ಅನುಮಾನ ಬಂದು ಹುಡುಕಿ ಓದಿದೆ. ಓದಿದ ಕೂಡಲೇ ನಿಲ್ಲಿಸಿದೆ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪೂರ್ತಿ ಫಾರ್ಮ್ಯಾಟ್ ಎಂದರೆ ಹೊಸ ಲೆಕ್ಕ ಬರೆದು, ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ (ಡೇಟಾ ಬರೆಯುವ ಸಣ್ಣ ಜಾಗ) ಇದೆಯೇ ಎಂದು ಓದಿ ನೋಡುವುದಷ್ಟೇ ಆಗಿತ್ತು. ಹಳೆಯ ಫೈಲುಗಳ ಮೇಲೆ ಅದು ಬರೆಯುತ್ತಿರಲಿಲ್ಲ. ‘ಫಾರ್ಮ್ಯಾಟ್ ಆದರೂ ವಾಪಸ್ ಬರುತ್ತೆ’ ಎಂಬ ನಂಬಿಕೆ ಆ ಕಾಲಕ್ಕೆ ಸರಿ. ಎಕ್ಸ್‌ಪಿ ನಂತರ ಬಂದ ವಿಸ್ಟಾದಿಂದ ಈಚೆಗೆ ಕ್ವಿಕ್ ಟಿಕ್ ತೆಗೆದು ಫಾರ್ಮ್ಯಾಟ್ ಕೊಟ್ಟರೆ ವಿಂಡೋಸ್ ಆ ಪಾರ್ಟಿಶನ್ (ಡಿಸ್ಕಿನ ಆ ಪಾಲು) ತುಂಬ ಸೊನ್ನೆ ಬರೆಯುತ್ತ ಹೋಗುತ್ತದೆ. ಸೊನ್ನೆ ಬರೆದ ಜಾಗದಿಂದ ಯಾವ ಸಾಫ್ಟ್‌ವೇರೂ, ಯಾವ ಲ್ಯಾಬೂ ಏನನ್ನೂ ತೆಗೆದುಕೊಡುವುದಿಲ್ಲ. ನನ್ನ ಡಿಸ್ಕಿನ ಮೊದಲ ಮೂರನೇ ಒಂದು ಭಾಗ ಹೀಗೆ ಹೋಯಿತು. ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಫೈಲುಗಳ ಹೆಸರು, ಫೋಲ್ಡರು, ತುಂಡುಗಳ ವಿಳಾಸ ಎಲ್ಲ ಬರೆದಿರುವ ಎಂಎಫ್‌ಟಿ ಎಂಬ ಪಟ್ಟಿ ಸಾಮಾನ್ಯವಾಗಿ ಪಾರ್ಟಿಶನ್ನಿನ ಆರಂಭದ ಕಡೆಗೇ ಇರುತ್ತದೆ. ಅದೂ ಹೋಯಿತು.

ಕ್ವಿಕ್ ಫಾರ್ಮ್ಯಾಟ್ ಆದರೆ ಪರವಾಗಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಅದೂ ಹಳೆಯ ಲೆಕ್ಕದ ಮೇಲೆ ಹೊಸ ಲೆಕ್ಕ ಬರೆಯುತ್ತದೆ. ಡಿಸ್ಕ್ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ಗಳ ಡಿಸ್ಕ್) ಆಗಿದ್ದರೆ, ಹಳೆಯ ಡೇಟಾ ಇನ್ನು ಬೇಡ ಎಂದು ತಿಳಿಸುವ ‘ಟ್ರಿಮ್’ ಆದೇಶ ಹೋಗಿ, ಕ್ವಿಕ್ ಫಾರ್ಮ್ಯಾಟಿಗೇ ಎಲ್ಲವೂ ಮುಗಿಯಬಹುದು.

ಆ ದಿನ ಏನು ಮಾಡಬೇಕಿತ್ತು ಎಂಬುದನ್ನು ಆಮೇಲೆ ಕಲಿತೆ. ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಿಂದ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ, ಅಲ್ಲಿ ಬರೀ ನೋಡಿ, ಏನನ್ನೂ ಒತ್ತಬೇಡಿ. ಪಾರ್ಟಿಶನ್ ಸರಿಯಾಗಿದ್ದು ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ, ಅಕ್ಷರ ಕೊಟ್ಟರೆ ಸಾಕು. ಇದರಿಂದ ಫೈಲಿಗೆ ಏನೂ ಆಗುವುದಿಲ್ಲ. ‘ನಾಟ್ ಇನಿಶಿಯಲೈಸ್ಡ್’ ಎಂದಿದ್ದರೆ ಇನಿಶಿಯಲೈಸ್ ಮಾಡಬೇಡಿ, ಅದು ಹೊಸ ಪಾರ್ಟಿಶನ್ ಪಟ್ಟಿ ಬರೆಯುತ್ತದೆ. ‘ರಾ’ ಎಂದಿದ್ದರೆ ನನ್ನ ಸ್ಥಿತಿಯೇ. ಇನ್ನೊಂದು ಸಂಗತಿ: ಮ್ಯಾಕ್‌ನಲ್ಲಿ ಎಪಿಎಫ್‌ಎಸ್ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ವಿಂಡೋಸ್‌ಗೆ ಹಾಕಿದರೂ ವಿಂಡೋಸ್ ಅದನ್ನು ಓದಲಾರದು, ಫಾರ್ಮ್ಯಾಟ್ ಮಾಡಿ ಎನ್ನಬಹುದು. ಆ ಡಿಸ್ಕಿನಲ್ಲಿ ಯಾವ ದೋಷವೂ ಇರುವುದಿಲ್ಲ, ಮ್ಯಾಕ್‌ಗೆ ಹಾಕಿದರೆ ತೆರೆಯುತ್ತದೆ. ಯಾರದೋ ಡಿಸ್ಕ್ ಎರವಲು ತಂದವರು ಇದನ್ನು ನೆನಪಿಡಲೇಬೇಕು.

ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಎಂಬ ರಿಪೇರಿ ಸಾಧನ ಓಡಿಸಿ ಎನ್ನುವವರೂ ಸಿಗುತ್ತಾರೆ. ಅದರ ಕೆಲಸ ಫೈಲ್ ಸಿಸ್ಟಮ್ಮನ್ನು ಸುಸ್ಥಿತಿಗೆ ತರುವುದು, ನಿಮ್ಮ ಫೈಲುಗಳನ್ನು ಉಳಿಸುವುದಲ್ಲ. ಹೊಂದಿಕೆಯಾಗದ ತುಂಡುಗಳನ್ನು ‘ಫೌಂಡ್’ ಎಂಬ ಫೋಲ್ಡರಿಗೆ ಹೆಸರಿಲ್ಲದ ಫೈಲುಗಳಾಗಿ ತಳ್ಳಿಬಿಡುತ್ತದೆ, ಮತ್ತು ಅದೆಲ್ಲವನ್ನೂ ಆ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಡಿಸ್ಕಿನಲ್ಲಿ ಇರುವ ಏಕೈಕ ಪ್ರತಿಯ ಮೇಲೆ ಇದನ್ನು ಓಡಿಸಬಾರದು.

ಮೊದಲು ಡಿಸ್ಕಿನ ಆರೋಗ್ಯ ನೋಡಬೇಕು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್ ತಾನೇ ಇಟ್ಟುಕೊಂಡಿರುವ ‘ಸ್ಮಾರ್ಟ್’ ಎಂಬ ಆರೋಗ್ಯದ ಲೆಕ್ಕವನ್ನು ತೋರಿಸುತ್ತದೆ. ಅದರಲ್ಲಿ ರೀಅಲೊಕೇಟೆಡ್ (ಕೆಟ್ಟು ಬದಲಿ ಜಾಗ ಪಡೆದ) ಮತ್ತು ಪೆಂಡಿಂಗ್ (ಓದಲಾಗದೆ ಅನುಮಾನದಲ್ಲಿರುವ) ಸೆಕ್ಟರುಗಳ ಎಣಿಕೆ ಸೊನ್ನೆಗಿಂತ ಮೇಲಕ್ಕೆ ಏರುತ್ತಿದ್ದರೆ ಡಿಸ್ಕ್ ಸವೆಯುತ್ತಿದೆ ಎಂದರ್ಥ. ಆಮೇಲೆ ಇಡೀ ಡಿಸ್ಕಿನ ಪಡಿಯಚ್ಚನ್ನು ಇನ್ನೊಂದು ದೊಡ್ಡ ಡಿಸ್ಕಿಗೆ ತೆಗೆದುಕೊಳ್ಳಬೇಕು. ಲಿನಕ್ಸ್‌ನ ಡಿಡಿರೆಸ್ಕ್ಯೂ ಇದಕ್ಕೇ ಇರುವುದು. ಸುಲಭವಾಗಿ ಓದಲು ಬರುವ ಜಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಕೈ ಹಾಕುತ್ತದೆ. ನಡುವೆ ನಿಂತರೂ ನಿಂತಲ್ಲಿಂದ ಮುಂದುವರಿಸಬಹುದು. ಕಳೆದ ಪಾರ್ಟಿಶನ್, ಫೈಲುಗಳನ್ನು ಹುಡುಕುವ ಟೆಸ್ಟ್‌ಡಿಸ್ಕ್, ಫೋಟೋರೆಕ್‌ನಂಥ ತಂತ್ರಾಂಶಗಳನ್ನು ಆ ಪಡಿಯಚ್ಚಿನ ಮೇಲೆ ಓಡಿಸಬೇಕು. ಸಿಕ್ಕ ಫೈಲುಗಳನ್ನು ಮೂಲ ಡಿಸ್ಕಿಗೆ ಸೇವ್ ಮಾಡಲೇಬಾರದು. ನೇರ ಪೋರ್ಟಿಗೆ ಹಾಕಿ, ಕೇಬಲ್ ಬದಲಿಸಿದ ಮೇಲೂ ಟಿಕ್ ಟಿಕ್ ಸದ್ದು ನಿಲ್ಲದಿದ್ದರೆ ಇದ್ಯಾವುದೂ ಬೇಡ. ಆಗ ಓದುವ ಹೆಡ್ಡೇ ಹಾಳಾಗಿರಬಹುದು, ಪ್ರತಿ ಸಲ ಆನ್ ಮಾಡಿದಾಗಲೂ ಪ್ಲ್ಯಾಟರ್ (ಡೇಟಾ ಇರುವ ತಟ್ಟೆ) ಗೀಚುವ ಅಪಾಯವಿದೆ. ಆಫ್ ಮಾಡಿ, ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ಡೇಟಾ ರಿಕವರಿ ಲ್ಯಾಬಿಗೆ ಕೊಡಿ. ಮನೆಯಲ್ಲಿ ಬಿಚ್ಚಬೇಡಿ, ಫ್ರೀಜರಿನಲ್ಲೂ ಇಡಬೇಡಿ.

ನನ್ನ ಡಿಸ್ಕಿನ ಸ್ಮಾರ್ಟ್ ಲೆಕ್ಕದಲ್ಲಿ ಆ ಎರಡೂ ಎಣಿಕೆ ಸೊನ್ನೆ ಇದ್ದವು. ಹೊಸ ಕೇಬಲ್ ಹಾಕಿದ ಮೇಲೆ ಒಮ್ಮೆಯೂ ಸಂಪರ್ಕ ತಪ್ಪಿಲ್ಲ. ಕೆಟ್ಟಿದ್ದದ್ದು ಕೇಬಲ್ ಮಾತ್ರ.

ಪಡಿಯಚ್ಚು ತೆಗೆದು ಫೋಟೋರೆಕ್ ಓಡಿಸಿದೆ. ಸಾವಿರಾರು ಫೈಲುಗಳು ಸಿಕ್ಕವು, ಒಂದಕ್ಕೂ ಹೆಸರಿಲ್ಲ, ಎಲ್ಲವೂ ‘ಎಫ್’ ಅಕ್ಷರದ ಮುಂದೆ ಉದ್ದನೆಯ ಒಂದು ಸಂಖ್ಯೆ. ಆಡಿಯೋಗಳನ್ನು ಬೇರ್ಪಡಿಸಿ ಒಂದೊಂದಾಗಿ ಕೇಳಲು ನಾಲ್ಕು ದಿನ ಹಿಡಿಯಿತು. ಅಪ್ಪನವು ಐದು ಪೂರ್ತಿ ಸಿಕ್ಕವು. ಆರನೆಯದು 11 ನಿಮಿಷದವರೆಗೆ ಓಡುತ್ತದೆ. ಅದರ ಮುಂದಿನ ತುಂಡು ಸೊನ್ನೆಯಾದ ಭಾಗದಲ್ಲಿತ್ತು. ಸಿಕ್ಕ ಭಾಗದಲ್ಲಿ ಅಪ್ಪ ಕೆಮ್ಮಿ, ಕನ್ನಡಕ ಎಲ್ಲಿದೆ ನೋಡು ಎಂದು ನನಗೆ ಹೇಳಿ, ಮತ್ತೆ ಕತೆಗೆ ಬರುತ್ತಾರೆ: “ಆವತ್ತು ಮಳೆ ಅಂದ್ರೆ ಮಳೆ. ನಾನೂ ನಿಮ್ಮ ದೊಡ್ಡಪ್ಪನೂ ಶಾಲೆಯಿಂದ ಬರ್ತಾ ಇದ್ವಿ, ಆಗ...” ಅಲ್ಲಿಗೆ ನಿಲ್ಲುತ್ತದೆ. ಎದುರು ಕೂತು ಕೇಳಿದ್ದ ನನಗೂ ಮುಂದೇನಾಯಿತೆಂದು ನೆನಪಿಲ್ಲ. ಅಕ್ಕನನ್ನು ಕೇಳಿದೆ, ಅವಳು ಆ ಕತೆ ಕೇಳಿಯೇ ಇಲ್ಲವಂತೆ. ದೊಡ್ಡಪ್ಪನೂ ಈಗಿಲ್ಲ.