ಚಿಕುನ್‌ಗುನ್ಯಾ ಆದಮೇಲೆ 40 ಕಿ.ಮೀ. ಸವಾರಿ: ಕಾನ್ಪುರದ ಸಿಂಥೆಟಿಕ್ ಎಂಡ್ಯೂರೆನ್ಸ್ ಜೀನು ಹೇಗಿದೆ?

ಚಿಕುನ್‌ಗುನ್ಯಾ ಜ್ವರ ವಾರದೊಳಗೆ ಇಳಿದರೂ ಕೀಲುನೋವು ಬೇಗ ಬಿಡುವುದಿಲ್ಲ. ಕಾಲಹರಡು, ಮೊಣಕಾಲು, ಮಣಿಕಟ್ಟು, ಬೆರಳಗಿಣ್ಣು, ಹೀಗೆ ಸವಾರನಿಗೆ ಬೇಕಾದ ಕೀಲುಗಳನ್ನೇ ಹುಡುಕಿ ಹಿಡಿಯುತ್ತದೆ. ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಅಷ್ಟರಲ್ಲಿ 40 ಕಿ.ಮೀ. ಎಂಡ್ಯೂರೆನ್ಸ್ ಸವಾರಿಗೆ (ಕುದುರೆಯ ದೂರದೋಟದ ಸ್ಪರ್ಧೆಗೆ) ಹೆಸರು ಕೊಟ್ಟಾಗಿದ್ದರೆ, ಭಾರದ ಹಳೆಯ ಚರ್ಮದ ಜೀನು ಬಿಟ್ಟು ಹಗುರವಾದದ್ದು ಕೊಳ್ಳೋಣವೇ ಎಂಬ ಯೋಚನೆ ಬಂದೇ ಬರುತ್ತದೆ. ಇಲ್ಲಿ ನೋಡಿರುವುದು ಅಂಥದ್ದೊಂದು ಜೀನು: ಕಾನ್ಪುರದಲ್ಲಿ ತಯಾರಾದದ್ದು, 17 ಇಂಚಿನ ಸೀಟು, ಮೇಲೆಲ್ಲ ಸಿಂಥೆಟಿಕ್, ಕುದುರೆಯ ಹೆಗಲ ಮೇಲೆ ಬರುವ ಮುಂದಿನ ಕಬ್ಬಿಣದ ಕಮಾನು ಮೂರು ಅಳತೆಯಲ್ಲಿ ಬದಲಿಸಬಹುದಾದದ್ದು. ಬರೀ ಜೀನು 5 ಕಿಲೋಗೆ ತುಸು ಹೆಚ್ಚು ತೂಗಿತು. ರಿಕಾಪು (ಪಾದ ಊರುವ ಬಳೆ), ಗರ್ತ್ (ಹೊಟ್ಟೆಯ ಪಟ್ಟಿ) ಸೇರಿ 7 ಕಿಲೋ. ಮುನಿರಾಬಾದ್ ಕಡೆಯ ಕಾಲುವೆ ದಂಡೆಯ ಗರಸಿನ ದಾರಿ, ಆನೆಗೊಂದಿಯ ಬಂಡೆ ಹಾದಿ, ಸಿರುಗುಪ್ಪದ ಎರೆಹೊಲದ ಬದಿ, ಮೂರೂ ನೆಲದಲ್ಲಿ ಓಡಿಸಿ ನೋಡಿದ್ದು.

ಮೊದಲೇ ಹೇಳಿಬಿಡುವುದಾದರೆ, ಸವಾರನ ಮಟ್ಟಿಗೆ ಇದು ಒಳ್ಳೆಯ ಜೀನು. ಕುದುರೆಯ ಮಟ್ಟಿಗೆ, ಬೆನ್ನು ಅಳೆದು ಹಾಕಿದರೆ ಮಾತ್ರ.

ಇದರ ಹೆಚ್ಚುಗಾರಿಕೆ ಇರುವುದು ರಿಕಾಪಿನಲ್ಲಿ. ಮಾಮೂಲಿ ಕಬ್ಬಿಣದ ರಿಕಾಪಿನಲ್ಲಿ ಪಾದ ಊರುವ ಪಟ್ಟಿಯ ಅಗಲ ನಾಲ್ಕು ಸೆಂ.ಮೀ. ಆಸುಪಾಸು, ಇದರದ್ದು ಒಂಬತ್ತು. ಮೇಲೆ ಸ್ಪಂಜಿನ ಪದರ, ಪಾದ ಮುಂದಕ್ಕೆ ತೂರಿ ಸಿಕ್ಕಿಕೊಳ್ಳದಂತೆ ಎದುರಿಗೆ ಪ್ಲಾಸ್ಟಿಕ್ ಪಂಜರ. ಟ್ರಾಟ್‌ನಲ್ಲಿ (ನಡಿಗೆಗಿಂತ ಚುರುಕಾದ ಕುಲುಕು ಓಟ) ಸವಾರ ನಿಮಿಷಕ್ಕೆ 75ರಿಂದ 80 ಸಲ ಎದ್ದು ಕೂರುತ್ತಾನೆ. 40 ಕಿ.ಮೀ.ನಲ್ಲಿ ಎರಡೂವರೆ ತಾಸು ಟ್ರಾಟ್ ಎಂದರೆ, 75ರ ಲೆಕ್ಕದಲ್ಲೇ 11,250 ಸಲ. ಅಷ್ಟೂ ಸಲ ಭಾರ ಇಳಿಯುವುದು ಹರಡಿನ ಮೇಲೆ. ಕಿರಿದಾದ ಪಟ್ಟಿಯಲ್ಲಿ ಪಾದ ತಕ್ಕಡಿಯ ಹಾಗೆ ತೂಗಾಡುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಕೆಲಸ ಊದಿದ ಕೀಲಿಗೆ ಬೀಳುತ್ತದೆ. ಅಗಲ ಪಟ್ಟಿಯಲ್ಲಿ ಪಾದ ನೆಲದ ಮೇಲಿದ್ದಂತೆ ಊರಿರುವುದರಿಂದ ಐದನೇ ಕಿಲೋಮೀಟರಿಗೆ ಶುರುವಾಗುತ್ತಿದ್ದ ನೋವು ಹದಿನೈದರ ನಂತರಕ್ಕೆ ಹೋಗುತ್ತದೆ. ಕೊಳ್ಳುವಾಗ ಶೂ ಹಾಕಿಕೊಂಡೇ ಅಳೆಯಿರಿ: ಶೂವಿನ ಅತಿ ಅಗಲದ ಜಾಗಕ್ಕಿಂತ ರಿಕಾಪು 2.5 ಸೆಂ.ಮೀ. ಹೆಚ್ಚಿರಬೇಕು. ಸಂಜೆ ಹೊತ್ತು ಅಳೆಯುವುದು ಒಳ್ಳೆಯದು, ಕಾಲು ಊದುವುದು ಆಗಲೇ.

ರಿಕಾಪಿನ ಪಟ್ಟಿಯ ಉದ್ದದಲ್ಲಿ ತಪ್ಪುವವರೇ ಹೆಚ್ಚು. ಮೊಣಕಾಲು ನೋಯುತ್ತದೆಂದು ಪಟ್ಟಿಯನ್ನು ಮೂರು ತೂತು ಉದ್ದ ಬಿಟ್ಟರೆ ಪಾದ ರಿಕಾಪನ್ನು ಬೆರಳ ತುದಿಯಿಂದ ಹುಡುಕಬೇಕಾಗುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಕಾಲು ಇಳಿಬಿಟ್ಟಾಗ ರಿಕಾಪಿನ ತಳ ಹರಡಿನ ಮೂಳೆಗೆ ತಾಕುವಷ್ಟಿರಲಿ. ಮೊಣಕಾಲು ಅಷ್ಟಕ್ಕೂ ಒಪ್ಪದಿದ್ದರೆ ಇನ್ನೊಂದೇ ತೂತು. ಇದರ ಬಕಲು ತೊಡೆಯ ಕೆಳಗಿಲ್ಲ, ರಿಕಾಪಿನ ಹತ್ತಿರಕ್ಕಿದೆ. ಚರ್ಮ ಸುಲಿಯುವ ಒಂದು ಜಾಗ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಸೀಟು ಆಳವಾಗಿದೆ, ಹಿಂದಿನ ಅಂಚು ಎತ್ತರ. ಸೊಂಟದ ಬಲ ಇನ್ನೂ ಬಾರದವರಿಗೆ ಅದು ಆಸರೆ. ಆದರೆ ಅಂಗಡಿಯವರು ಇದರ ಜೊತೆ ಕೊಡುವ ಅಕ್ರಿಲಿಕ್ ತುಪ್ಪಳದ ಹೊದಿಕೆ ರಾಯಚೂರು, ಬಳ್ಳಾರಿಯ ಬಿಸಿಲಿಗೆ ತಕ್ಕುದಲ್ಲ. ಬೆವರು ಹೀರುವುದಿಲ್ಲ, ಒದ್ದೆ ಪ್ಲಾಸ್ಟಿಕ್ಕಿನ ಮೇಲೆ ಕೂತಂತಾಗಿ ತೊಡೆಯ ಒಳಬದಿ ಕೆಂಪಾಗುತ್ತದೆ. ನಿಜವಾದ ಕುರಿತುಪ್ಪಳದ ಹೊದಿಕೆ ಸಿಕ್ಕರೆ ಹಾಕಿ, ಇಲ್ಲವಾದರೆ ಹೊದಿಕೆಯೇ ಬೇಡ.

ನೆಲದಿಂದ ಏರಬೇಡಿ. ಮಣಿಕಟ್ಟಿಗೆ ಬಲವಿಲ್ಲದ ಸವಾರ ಜೀನಿನ ಹಿಂಬದಿ ಹಿಡಿದು ಜಗ್ಗಿದರೆ ಹಗುರ ಜೀನು ಎಡಕ್ಕೆ ತಿರುಚಿಕೊಳ್ಳುತ್ತದೆ, ಆ ತಿರುಚು ನೇರವಾಗಿ ಕುದುರೆಯ ಹೆಗಲುಬ್ಬಿಗೆ (ಕತ್ತಿನ ಬುಡದಲ್ಲಿ ಬೆನ್ನು ಎತ್ತರವಾಗುವ ಜಾಗ) ಒತ್ತುತ್ತದೆ. 50-60 ಸೆಂ.ಮೀ. ಎತ್ತರದ ಕಟ್ಟೆಯಾಗಲಿ, ಮರದ ಪೆಟ್ಟಿಗೆಯಾಗಲಿ ಸಾಕು. ದಾರಿಯಲ್ಲಿ ಕಾಲುವೆಯ ಕಲ್ಲು ಮೆಟ್ಟಿಲು, ಹೊಲದ ಬದು ಎಲ್ಲೆಲ್ಲಿವೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಹೊಟ್ಟೆಗೆ ಬಿಗಿಯುವ ಗರ್ತ್‌ನ ಎರಡೂ ತುದಿಗೆ ಎಲಾಸ್ಟಿಕ್ ಇದೆ. ಗಿಣ್ಣು ನೋಯುವವರಿಗೆ ಎಳೆಯುವುದು ಸಲೀಸು. ಸಲೀಸಾಗಿರುವುದರಿಂದಲೇ ಒಂದು ತೂತು ಹೆಚ್ಚಿಗೆ ಬಿಗಿದುಬಿಡುವ ಅಪಾಯವೂ ಇದೆ. ಲಾಯದಲ್ಲಿ ಸಡಿಲ, ಹತ್ತುವ ಮುಂಚೆ ಒಂದು ತೂತು, ಹತ್ತು ನಿಮಿಷ ನಡೆಸಿದ ಮೇಲೆ ಇನ್ನೊಂದು. ಎದೆಯ ನಡುವೆ, ಮುಂಗಾಲುಗಳ ಹಿಂದೆ, ಮೂರು ಬೆರಳು ಒತ್ತಿ ತೂರುವಂತಿರಬೇಕು. ಬಿಗಿದಾದ ಮೇಲೆ ಮುಂಗಾಲನ್ನು ಒಂದೊಂದಾಗಿ ಎತ್ತಿ ಮುಂದಕ್ಕೆ ಚಾಚಿಸಿ. ಕೆಳಗೆ ಮಡಚಿಕೊಂಡ ಚರ್ಮ ಬಿಡಿಸಿಕೊಳ್ಳುತ್ತದೆ. ಇದನ್ನು ಬಿಟ್ಟರೆ ಕುದುರೆಯ ಮೊಣಕೈ ಹಿಂದೆ ಹುಣ್ಣು ಖಂಡಿತ.

ಇನ್ನು ಬೆನ್ನಿನ ಮಾತು. ಸವಾರ ಹಾಸಿಗೆ ಹಿಡಿದ ಆರೇಳು ವಾರ ಕುದುರೆಯೂ ಲಾಯದಲ್ಲೇ ನಿಂತಿರುತ್ತದೆ. ಬೆನ್ನುಮೂಳೆಯ ಎರಡೂ ಬದಿಯ ಮಾಂಸ ಇಳಿದು ಹೆಗಲುಬ್ಬಿನ ಹಿಂದೆ ಗುಳಿ ಬೀಳುತ್ತದೆ, ಮೇವು ತಿಂದ ಹೊಟ್ಟೆ ಮಾತ್ರ ಹಿಗ್ಗುತ್ತದೆ. ಗರ್ತ್ ನೋಡಿದರೆ ಕುದುರೆ ದಪ್ಪ, ಜೀನು ನೋಡಿದರೆ ಕುದುರೆ ಸಣ್ಣ. ಹಳೆಯ ಅಳತೆಯ ಕಮಾನು ಈಗ ಅಗಲವಾಗಿ ಜೀನು ಮುಂದಕ್ಕೆ ಕುಸಿದು ಉಬ್ಬಿನ ಮೇಲೆ ಕೂರುತ್ತದೆ. ಸರಿಯೆಂದು ಕಿರಿದಾದ ಕಮಾನು ಹಾಕಿದರೆ, ನಾಲ್ಕೈದು ವಾರದ ಕೆಲಸದಲ್ಲಿ ಮಾಂಸ ಮರಳಿದಾಗ ಅದೇ ಕಮಾನು ಇಕ್ಕಳದಂತೆ ಹಿಡಿಯುತ್ತದೆ. ಅದು ಆಗುವುದು ಸ್ಪರ್ಧೆ ಹತ್ತಿರವಾದಾಗ, ಉದ್ದದ ಓಟಗಳ ನಡುವೆ. ಬದಲಿಸಬಹುದಾದ ಕಮಾನಿನ ಬೆಲೆ ತಿಳಿಯುವುದು ಇಲ್ಲಿ.

ಅಳೆಯುವುದಕ್ಕೆ ದೊಡ್ಡ ಸಲಕರಣೆ ಬೇಡ. 60 ಸೆಂ.ಮೀ. ಉದ್ದದ, ಕೈಯಿಂದ ಬಗ್ಗುವ ದಪ್ಪ ತಂತಿ ತೆಗೆದುಕೊಳ್ಳಿ. ಕುದುರೆಯನ್ನು ಸಮ ನೆಲದಲ್ಲಿ ನಾಲ್ಕೂ ಕಾಲು ಚೌಕವಾಗಿ ನಿಲ್ಲಿಸಿ, ಹೆಗಲ ಹಲಗೆಯ ಹಿಂದೆ ನಾಲ್ಕು ಬೆರಳು ಬಿಟ್ಟು ತಂತಿಯನ್ನು ಬೆನ್ನಿಗೆ ಅಡ್ಡಲಾಗಿ ಒತ್ತಿ, ಆಕಾರ ಕೆಡದಂತೆ ಎತ್ತಿ ದಪ್ಪ ಕಾಗದದ ಮೇಲೆ ಗೀಟು ಎಳೆಯಿರಿ, ತಾರೀಖು ಬರೆಯಿರಿ. ಮೂರು ವಾರಕ್ಕೆ ಮತ್ತೆ, ಆರನೇ ವಾರ ಮತ್ತೆ. ಎರಡು ಗೀಟುಗಳ ನಡುವೆ ಒಂದು ಸೆಂ.ಮೀ. ಅಂತರ ಕಂಡರೆ ಕಮಾನು ಬದಲಿಸುವ ಹೊತ್ತು. ಆಮೇಲೆ ಕೆಳಗೆ ಏನೂ ಹಾಸದೆ ಜೀನಿಟ್ಟು, ಸವಾರ ಕೂತಾಗ ಉಬ್ಬಿಗೂ ಕಮಾನಿಗೂ ನಡುವೆ ಎರಡರಿಂದ ಮೂರು ಬೆರಳು ಆಡಬೇಕು, ಹಿಂದಿನಿಂದ ಬಗ್ಗಿ ನೋಡಿದರೆ ನಡುವಿನ ಸಂದಿನಲ್ಲಿ ಬೆಳಕು ಕಾಣಬೇಕು. ಕಾಠಿಯಾವಾಡಿ, ಮಾರ್ವಾಡಿ ಅಥವಾ ಅವುಗಳ ಮಿಶ್ರತಳಿಯಾದರೆ ಇನ್ನೊಂದು ಅಳತೆ ತಪ್ಪಿಸಬೇಡಿ: ಕೊನೆಯ, ಅಂದರೆ ಹದಿನೆಂಟನೇ ಪಕ್ಕೆಲುಬನ್ನು ಬೆರಳಿನಿಂದ ಹಿಡಿದು ಬೆನ್ನುಮೂಳೆವರೆಗೆ ಮೇಲಕ್ಕೆ ಬನ್ನಿ; ಜೀನಿನ ಗಾದಿ (ಬೆನ್ನಿಗೆ ತಾಗುವ ತಳದ ಮೆತ್ತೆ) ಅದಕ್ಕಿಂತ ಹಿಂದಕ್ಕೆ ಹೋಗಬಾರದು. ಆಚೆಗೆ ಪಕ್ಕೆಲುಬಿನ ಆಸರೆಯಿಲ್ಲದ ಸೊಂಟ. ಗಿಡ್ಡ ಬೆನ್ನಿನ ಕುದುರೆಗೆ ಈ 17 ಇಂಚಿನ ಜೀನಿನ ಗಾದಿ ಉದ್ದವೇ ಆಗುತ್ತದೆ. 16 ಇಂಚಿನದನ್ನು ಇಟ್ಟು ನೋಡದೆ ಹಣ ಕೊಡಬೇಡಿ.

ಕೊನೆಯ ತೀರ್ಪು ಬೆವರಿನದು. ಒಂದು ತಾಸಿನ ಕೆಲಸದ ನಂತರ ಜೀನು ಎತ್ತಿದಾಗ ಎರಡೂ ಬದಿ ಸಮನಾಗಿ ಒದ್ದೆಯಿದ್ದರೆ ಸರಿ. ಒದ್ದೆಯ ನಡುವೆ ಅಂಗೈಯಷ್ಟೋ ರೂಪಾಯಿಯಷ್ಟೋ ಒಣಗಿದ ಜಾಗ ಕಂಡರೆ ಅಲ್ಲಿ ಒತ್ತಡ ಅತಿಯಾಗಿ ಬೆವರುಗ್ರಂಥಿ ಕೆಲಸ ನಿಲ್ಲಿಸಿರಬಹುದು. ಈ ಜೀನಿನಲ್ಲಿ ಅಂಥ ಒಣ ಜಾಗ ಬಂದದ್ದು ಗಾದಿಯ ಮುಂಬದಿಯಲ್ಲಿ, ಕಮಾನಿನ ತುದಿಗಳ ಕೆಳಗೆ. ಕಮಾನನ್ನು ಒಂದಳತೆ ಅಗಲ ಮಾಡಿದಾಗ ಹೋಯಿತು. ಅಂದು ಸಂಜೆ, ಮರುದಿನ ಬೆಳಿಗ್ಗೆ ಬೆನ್ನುಮೂಳೆಯ ಇಬ್ಬದಿಯಲ್ಲೂ ಬೆರಳು ಒತ್ತುತ್ತ ಹೋಗಿ. ಬೆನ್ನು ತಗ್ಗಿಸಿದರೆ, ಕಿವಿ ಹಿಂದಕ್ಕೆ ಮಡಚಿದರೆ ಮೂರು ದಿನ ಜೀನು ಬೇಡ. ಸ್ಪರ್ಧೆಯ ಪಶುವೈದ್ಯರೂ ಬೆನ್ನು, ಗರ್ತ್ ಜಾಗ ಮುಟ್ಟಿ ನೋಡುತ್ತಾರೆ. ಓಟದ ನಂತರ ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳಿಯಬೇಕಾದ ಕುದುರೆಯ ಹೃದಯ ಬಡಿತ ನೋವಿದ್ದರೆ ಹೊತ್ತಿಗೆ ಸರಿಯಾಗಿ ಇಳಿಯುವುದಿಲ್ಲ.

ಹಾಸುವುದಕ್ಕೆ ಜೊತೆಗೆ ಬಂದ ನೈಲಾನ್ ಪ್ಯಾಡಿಗಿಂತ ನಮ್ಮ ಕಡೆಯ ಕುರುಬರ ಕಂಬಳಿಯೇ ಮೇಲು. ದಖ್ಖನಿ ಕುರಿಯ ಒರಟು ಉಣ್ಣೆ ಬೆವರು ಕುಡಿಯುತ್ತದೆ, ಜಾರುವುದಿಲ್ಲ. ಎರಡು ಮಡಿಕೆ ಸಾಕು. ಮಡಿಕೆಯ ಅಂಚು, ಹೊಲಿಗೆ ಗಾದಿಯ ಕೆಳಗೆ ಬರದಿರಲಿ. ಹೆಗಲುಬ್ಬಿನ ಮೇಲೆ ಕಂಬಳಿಯನ್ನು ಕಮಾನಿನೊಳಕ್ಕೆ ಎತ್ತಿ ಬಿಡಿ, ಬಿಗಿದು ಕೂರಬಾರದು. ಹುಲ್ಲುಕಡ್ಡಿ, ಮುಳ್ಳು ಸಿಕ್ಕಿಕೊಳ್ಳುವುದರಿಂದ ಪ್ರತಿ ಸಲವೂ ಅಂಗೈ ಆಡಿಸಿ ನೋಡಿಯೇ ಹಾಸಿ. ಕಂಬಳಿ ಹಾಕಿದ ಮೇಲೆ ಕಮಾನಿನ ಅಳತೆ ಮತ್ತೆ ನೋಡಬೇಕು: ದಪ್ಪ ಹಾಸು ಜೀನನ್ನು ಬಿಗಿ ಮಾಡುತ್ತದೆ.

ಜೀನು ಒಗ್ಗಿಸುವ ಆರು ವಾರವೂ ಸವಾರ ಒಗ್ಗುವ ಆರು ವಾರವೂ ಒಂದೇ ಆಗಿದ್ದರೆ ಅನುಕೂಲ. ವೈದ್ಯರು ಸವಾರಿಗೆ ಒಪ್ಪಿದ ಮೇಲೆ ಮೊದಲ ವಾರ ದಿನ ಬಿಟ್ಟು ದಿನ 20 ನಿಮಿಷ, ಬರೀ ನಡಿಗೆ. ಎರಡನೇ ವಾರ 40 ನಿಮಿಷ. ಮೂರನೇ ವಾರದಿಂದ ಮೂರು ನಿಮಿಷ ಟ್ರಾಟ್, ಐದು ನಿಮಿಷ ನಡಿಗೆ, ಹೀಗೆ ನಾಲ್ಕು ಸುತ್ತು. ನಾಲ್ಕನೇ ವಾರ 12 ಕಿ.ಮೀ., ಐದನೇ ವಾರ ಒಮ್ಮೆ ಮಾತ್ರ 25 ಕಿ.ಮೀ. ಆರನೇ ವಾರದ ಮೊದಲಿಗೆ ಒಂದು ಸಣ್ಣ ಓಟ, ಆಮೇಲೆ ನಾಲ್ಕು ದಿನ ಬಿಡುವು. ಮರುದಿನ ಬೆಳಿಗ್ಗೆ ಕೀಲು ಹಿಂದಿನ ದಿನಕ್ಕಿಂತ ಬಿಗಿದಿದ್ದರೆ ಒಂದು ವಾರ ಹಿಂದಕ್ಕೆ ಹೋಗಿ, ಅಲ್ಲಿಂದ ಮತ್ತೆ. ತಿಂಗಳುಗಟ್ಟಲೆ ನಿಂತ ಕುದುರೆಗೆ ಆರು ವಾರ ಸಾಲದು, ಸವಾರಿಯನ್ನೇ ಮುಂದೂಡಬೇಕು. ನೋವಿನ ಮಾತ್ರೆ ನುಂಗಿ ಬಿಸಿಲಲ್ಲಿ ಓಡಿಸುವುದು ಬೇಡವೇ ಬೇಡ: ನೀರು ಬತ್ತಿದ ಮೈಯಲ್ಲಿ ಅಂಥ ಹಲವು ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಬಂದದ್ದು ಡೆಂಗಿಯಾಗಿದ್ದರೆ ಪ್ಲೇಟ್‌ಲೆಟ್ ಮಾಮೂಲಿಗೆ ಬರುವವರೆಗೆ ಕುದುರೆ ಏರುವ ಮಾತೇ ಇಲ್ಲ, ಒಮ್ಮೆ ಬಿದ್ದರೆ ಸಾಕು, ರಕ್ತಸ್ರಾವವಾಗಬಹುದು.

ಜೀನಿನ ಕೊರತೆಗಳೂ ಇವೆ. ಮೊಣಕಾಲಿನ ದಿಂಬುಗಳು ವೆಲ್ಕ್ರೋದಲ್ಲಿ ನಿಂತಿವೆ. ಕಾಲುವೆ ದಂಡೆಯ ಉತ್ತರಾಣಿ ಬೀಜ ಅದರೊಳಗೆ ತುಂಬಿಕೊಂಡರೆ ಹಿಡಿತ ಹೋಗಿ ದಿಂಬು ಜಾರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಬೇಕು. ಮುಂದಿನ ಬಳೆಗಳಿಗೆ ಲೀಟರಿನ ಎರಡು ಬಾಟಲಿ ಕಟ್ಟಿ ಟ್ರಾಟ್ ಮಾಡಿದರೆ ಅವುಗಳ ಸ್ಕ್ರೂ ಸಡಿಲಾಗುತ್ತದೆ. ಅರ್ಧ ಲೀಟರಿನವು ಕಟ್ಟಿ, ಅಡಿಗೂ ಒಂದು ದಾರ ಬಿಗಿಯಿರಿ. ರಿಕಾಪಿನ ಸ್ಪಂಜು ಬರೀ ಅಂಟಿನಲ್ಲಿ ನಿಂತಿದೆ, ನೀರಿಗಿಳಿದು ಬಂದರೆ ಅಂಚು ಏಳುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ ಗಾದಿಯದು. ಒಳಗಿರುವುದು ಫೋಮ್. ಒಂದು ಬದಿ ಕುಗ್ಗಿದರೆ ಉಣ್ಣೆಯಂತೆ ಬಿಚ್ಚಿ ತುಂಬಿಸಲು ಬರುವುದಿಲ್ಲ, ಗಾದಿಯನ್ನೇ ಬದಲಿಸಬೇಕು. ನೋವಿಗೆ ಹೆದರಿ ಒಂದೇ ಕಾಲಿಗೆ ಭಾರ ಹಾಕುವ ಸವಾರನ ಕೆಳಗೆ ಅದು ಬೇಗ ಕುಗ್ಗುತ್ತದೆ. ತಿಂಗಳಿಗೊಮ್ಮೆ ಜೀನು ತಿರುವಿ ಎರಡೂ ಗಾದಿಯನ್ನು ಹೆಬ್ಬೆರಳಿನಿಂದ ಒತ್ತಿ ಹೋಲಿಸಿ. ಬಿಸಿಲಲ್ಲಿ ಬಿಟ್ಟರೆ ಸೀಟಿನ ಅಂಟೂ ಬಿಡುತ್ತದೆ, ನೆರಳಲ್ಲೇ ಒಣಗಿಸಿ.

350 ಕಿಲೋ ತೂಗುವ ಕುದುರೆಗೆ ಸವಾರ, ಜೀನು, ನೀರು ಎಲ್ಲ ಸೇರಿ ಐದನೇ ಒಂದು ಪಾಲು, ಅಂದರೆ 70 ಕಿಲೋ ದಾಟದಿರಲಿ ಎಂಬುದು ರೂಢಿಯ ಲೆಕ್ಕ. ಚರ್ಮದ ಜೀನಿಗೆ ಹೋಲಿಸಿದರೆ ಇಲ್ಲಿ ಉಳಿಯುವ ಎರಡು ಮೂರು ಕಿಲೋ ಅಲ್ಲಿ ಲೆಕ್ಕಕ್ಕೆ ಬರುತ್ತದೆ, ಪಶುವೈದ್ಯರ ತಪಾಸಣೆಯ ನಿಲ್ದಾಣದಲ್ಲಿ ನೋಯುವ ಮಣಿಕಟ್ಟಿನಿಂದ ಜೀನು ಇಳಿಸುವಾಗಲೂ. ತರಿಸಿಕೊಳ್ಳುವಾಗ ಮೂರೂ ಅಳತೆಯ ಕಮಾನು, ಅದನ್ನು ಬಿಚ್ಚುವ ಅಲೆನ್ ಕೀ, ಬದಲಿ ಗಾದಿ ಸಿಗುತ್ತದೆಯೇ ಎಂದು ಬರಹದಲ್ಲಿ ಕೇಳಿ. ಹೊಂದದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನೂ ಕೇಳಿ. ಇಲ್ಲವೆಂದರೆ ಅವರಿಂದ ಬೇಡ.