ಇ-ಪುಸ್ತಕಗಳಿಗೆ ಡ್ಯೂಯಿ ನಂಬರ್: ಮೂರು ವರ್ಷ ಬಳಸಿದ ಮೇಲೆ

ಪಕ್ಷಿ, ಪಕ್ಷಿಗಳು, ಹಕ್ಕಿ. ಒಂದೇ ವಿಷಯಕ್ಕೆ ನಾನೇ ಕೊಟ್ಟ ಮೂರು ಟ್ಯಾಗ್‌ಗಳಿವು. ಒಂದನ್ನು ಒತ್ತಿದರೆ ಉಳಿದೆರಡರಲ್ಲಿದ್ದ ಪುಸ್ತಕಗಳು ಕಣ್ಣಿಗೇ ಬೀಳುತ್ತಿರಲಿಲ್ಲ. ಇ-ಪುಸ್ತಕಗಳು 2,000 ದಾಟಿದಾಗ ಬೇಸತ್ತು ಡ್ಯೂಯಿ ದಶಮಾಂಶ ಪದ್ಧತಿಗೆ ಬಂದೆ. ಒಂದೊಂದು ವಿಷಯಕ್ಕೆ ಒಂದೊಂದು ನಂಬರ್ ಕೊಡುವ, ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಲೈಬ್ರರಿ ಪುಸ್ತಕದ ಬೆನ್ನಿಗೆ ಅಂಟಿಸಿರುತ್ತಾರಲ್ಲ, ಅದೇ ನಂಬರ್. ಮೂರು ವರ್ಷದಿಂದ, ಇ-ಪುಸ್ತಕಗಳನ್ನು ಜೋಡಿಸಿಡುವ ಕ್ಯಾಲಿಬರ್ ಅನ್ನುವ ತಂತ್ರಾಂಶದಲ್ಲಿ ಬಳಸುತ್ತಿದ್ದೇನೆ.

ಕ್ಯಾಲಿಬರ್‌ನಲ್ಲಿ ನಮಗೆ ಬೇಕಾದ ಕಾಲಂ ಸೇರಿಸಿಕೊಳ್ಳಬಹುದು. ಅದನ್ನು ಸಂಖ್ಯೆಯ ಕಾಲಂ ಮಾಡಬೇಡಿ, ಅಕ್ಷರದ ಕಾಲಂ ಮಾಡಿ. ನಾನು ಮೊದಲು ಸಂಖ್ಯೆ ಅಂತಲೇ ಆರಿಸಿದ್ದೆ. ಕಂಪ್ಯೂಟರ್ ಪುಸ್ತಕಗಳ 004ರಲ್ಲಿ ಮೊದಲಿನ ಎರಡು ಸೊನ್ನೆಗಳು ಹೋಗಿಬಿಟ್ಟವು, ಎಲ್ಲವನ್ನೂ ಮತ್ತೆ ತುಂಬಬೇಕಾಯಿತು.

ನಂಬರನ್ನು ನಾವೇ ಊಹಿಸಬೇಕಿಲ್ಲ. ಎಷ್ಟೋ ಇಂಗ್ಲಿಷ್ ಪುಸ್ತಕಗಳ ಕಾಪಿರೈಟ್ ಪುಟದಲ್ಲೇ ಅಚ್ಚಾಗಿರುತ್ತದೆ. ನಡುವೆ ಓರೆಗೆರೆ ಇದ್ದರೆ, ಚಿಕ್ಕ ಸಂಗ್ರಹದವರು ಅಲ್ಲಿಗೇ ನಿಲ್ಲಿಸಬಹುದು ಅಂತ ಅರ್ಥ. ಅಲ್ಲಿ ಸಿಗದಿದ್ದರೆ ದೊಡ್ಡ ಲೈಬ್ರರಿಗಳ ಆನ್‌ಲೈನ್ ಕ್ಯಾಟಲಾಗ್ ನೋಡುತ್ತೇನೆ.

ಒಂದು ಕಡೆ ಮಾತ್ರ ಎಚ್ಚರ ಬೇಕು. ಚುಕ್ಕಿಯ ನಂತರದ್ದು ದಶಮಾಂಶ. ಗುರುಗ್ರಹದ 523.45 ಮೊದಲು, ನಕ್ಷತ್ರಗಳ 523.8 ಆಮೇಲೆ. ಪುಸ್ತಕಗಳನ್ನು ನಂಬರ್ ಹೆಸರಿನ ಫೋಲ್ಡರ್‌ಗಳಿಗೆ ಹಾಕಿ ಪೆನ್‌ಡ್ರೈವ್‌ಗೆ ಕಳಿಸಿದಾಗ ಇದು ತಲೆಕೆಳಗಾಗಿತ್ತು. ಫೈಲ್ ತೋರಿಸುವ ತಂತ್ರಾಂಶ 45ನ್ನು 8ಕ್ಕಿಂತ ದೊಡ್ಡದು ಅಂತ ಲೆಕ್ಕ ಹಾಕಿತ್ತು. ಈಗ ಫೋಲ್ಡರ್ ಹೆಸರಿಗೆ ಚುಕ್ಕಿಯ ತನಕದ ಮೂರು ಅಂಕಿ ಸಾಕು ಅಂತ ಬಿಟ್ಟಿದ್ದೇನೆ.

ನನಗೆ ತುಂಬಾ ಇಷ್ಟವಾಗಿದ್ದು, ಒಂದು ಪುಸ್ತಕಕ್ಕೆ ಒಂದೇ ಜಾಗ ಅನ್ನುವ ಕಟ್ಟುಪಾಡು. ತಿಮಿಂಗಿಲದ ಬಗ್ಗೆ ಒಂದು ಪುಸ್ತಕ ಇತ್ತು. ಪ್ರಾಣಿಯ ಬಗ್ಗೆ ಆದರೆ 599.5, ಬೇಟೆಯ ಬಗ್ಗೆ ಆದರೆ 639.28. ಟ್ಯಾಗ್ ಆಗಿದ್ದರೆ ಎರಡನ್ನೂ ಹಾಕಿ ಸುಮ್ನೆ ಮುಂದೆ ಹೋಗುತ್ತಿದ್ದೆ. ಇಲ್ಲಿ ಪರಿವಿಡಿ ತೆರೆದು, ಮುನ್ನುಡಿ ಓದಿ, ಹನ್ನೆರಡು ಅಧ್ಯಾಯಗಳಲ್ಲಿ ಎಂಟು ಹಡಗು ಮತ್ತು ಎಣ್ಣೆ ವ್ಯಾಪಾರದ್ದು ಅಂತ ಎಣಿಸಿ, 639.28 ಕೊಟ್ಟೆ. ವರ್ಷಗಟ್ಟಲೆ ಡಿಸ್ಕ್‌ನಲ್ಲಿ ಬಿದ್ದಿದ್ದ ಪುಸ್ತಕವನ್ನು ಅವತ್ತೇ ನಾನು ಸರಿಯಾಗಿ ನೋಡಿದ್ದು.

ಟ್ಯಾಗ್‌ಗಳನ್ನು ಪೂರ್ತಿ ಬಿಡೋಕೆ ಆಗಲಿಲ್ಲ. ಹಕ್ಕಿಗಳು 598ರಲ್ಲಿ, ಸಾಕುವ ಹಕ್ಕಿಗಳು 636.6ರಲ್ಲಿ, ಪ್ರಾಣಿಪಕ್ಷಿಗಳ ಚಿತ್ರ ಬರೆಯೋದು 743.6ರಲ್ಲಿ. ಮೂರನ್ನೂ ಒಟ್ಟಿಗೆ ನೋಡಲು ‘ಹಕ್ಕಿ’ ಬೇಕೇ ಬೇಕು. ಈಗ ಆ ಒಂದೇ ಟ್ಯಾಗ್ ಇದೆ.

ನೋವಾಗುವ ಸಂಗತಿಯೂ ಇದೆ. ಇಂಗ್ಲಿಷ್ ಕಾದಂಬರಿಗೆ 823, ಮೂರೇ ಅಂಕಿ. ಕನ್ನಡ ಕಾದಂಬರಿಗೆ 894.8143. ಸಾವಿರ ವರ್ಷ ದಾಟಿದ ನಮ್ಮ ಸಾಹಿತ್ಯ ‘ಇತರ ಭಾಷೆಗಳು’ ಅನ್ನುವ 890ರ ಒಳಗೆ, ಅದರಲ್ಲೂ ಮೂಲೆಯಲ್ಲಿ. ಧರ್ಮದ 200ರಲ್ಲೂ ಹೀಗೇ, 220ರಿಂದ 280ರವರೆಗೆ ಬೈಬಲ್ ಮತ್ತು ಕ್ರೈಸ್ತ ಧರ್ಮ, ಉಳಿದ ಧರ್ಮಗಳೆಲ್ಲ ಹೆಚ್ಚುಕಡಿಮೆ 290ರಲ್ಲಿ. ಇದು ಸರಿಯಲ್ಲ. ಆದರೂ ಕ್ಯಾಟಲಾಗ್‌ಗಳ ಜೊತೆ ಹೊಂದಿಕೆ ತಪ್ಪಬಾರದು ಅಂತ ನಂಬರ್ ಬದಲಿಸಿಲ್ಲ. ಕನ್ನಡ ಕಾದಂಬರಿಗಳನ್ನು ಆ ಒಂದೇ ನಂಬರಿನೊಳಗೆ ಲೇಖಕರ ಹೆಸರಿನ ಪ್ರಕಾರ ಜೋಡಿಸಿದ್ದೇನೆ.

ಇನ್ನೂ ಸುಮಾರು 300 ಪುಸ್ತಕ ಬಾಕಿ. ರಾತ್ರಿ ಮಲಗುವ ಮುಂಚೆ ದಿನಕ್ಕೆ ಐದು. ಅದಕ್ಕಿಂತ ಜಾಸ್ತಿ ಮಾಡಿದರೆ ಪರಿವಿಡಿ ನೋಡದೆ ನಂಬರ್ ಹಾಕಿಬಿಡುತ್ತೇನೆ.