ಹರಡಿನ ಬಾವು ಮತ್ತು ಪಿ.ಜೆ. ಬಡಾವಣೆಯ ಒಂದು ಚಿಕಿತ್ಸಾಲಯ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ಈ ಮೂಳೆ ಮತ್ತು ಕೀಲು ಚಿಕಿತ್ಸಾಲಯಕ್ಕೆ ನನ್ನ ತಂದೆಯವರನ್ನು ಕರೆದುಕೊಂಡು ಹೋದದ್ದು ಅವರ ಎಡಗಾಲಿನ ಹರಡಿನ, ಅಂದರೆ ಪಾದವೂ ಕಾಲೂ ಸೇರುವ ಕೀಲಿನ, ಹೊರಬದಿಯಲ್ಲಿ ಎದ್ದಿದ್ದ ಬಾವಿಗಾಗಿ. ಮಂಡಿಪೇಟೆಯ ಅಂಗಡಿಯಲ್ಲಿ ನಲವತ್ತು ವರ್ಷ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ವ್ಯಾಪಾರ ಮಾಡಿದ ಅವರಿಗೆ ಆ ಜಾಗದಲ್ಲಿ ನಿಂಬೆಹಣ್ಣಿನಷ್ಟು ಮೆತ್ತನೆಯ ಗಂಟೊಂದು ಬಹಳ ಕಾಲದಿಂದ ಇತ್ತು. ನೋವಿರಲಿಲ್ಲವಾದ್ದರಿಂದ ಮನೆಯಲ್ಲಿ ಯಾರೂ ಅದರ ಕಡೆ ಗಮನ ಕೊಟ್ಟಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಹೊಸ ಚಪ್ಪಲಿಯ ಪಟ್ಟಿ ಉಜ್ಜಿ ಗಂಟಿನ ಮೇಲಿನ ಚರ್ಮ ತರಚಿತು. ನಾಲ್ಕೇ ದಿನಗಳಲ್ಲಿ ಸುತ್ತಲೂ ಕೆಂಪೇರಿ, ಮುಟ್ಟಿದರೆ ಕೈಗೆ ಬಿಸಿ ತಾಗುವಂತಾಗಿ, ರಾತ್ರಿ ಚಳಿಜ್ವರವೂ ಬಂತು.

ಮೊದಲು ತೋರಿಸಿದ ಬೇರೊಂದು ಕಡೆ ಇದನ್ನು ಉಳುಕೆಂದು ತಿಳಿದು ನೋವಿನ ಮಾತ್ರೆ ಕೊಟ್ಟು, ಕಡಿಮೆಯಾಗದಿದ್ದರೆ ಬಾವಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡೋಣ ಎಂದಿದ್ದರು. ಸೋಂಕಿನ ಅನುಮಾನವಿರುವಾಗ ಸ್ಟೀರಾಯ್ಡ್ ಚುಚ್ಚಬಾರದು, ಅದು ಸೋಂಕನ್ನು ಎದುರಿಸುವ ದೇಹದ ಶಕ್ತಿಯನ್ನೇ ಆ ಜಾಗದಲ್ಲಿ ಕುಗ್ಗಿಸುತ್ತದೆ ಎಂಬುದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ.

ಇಲ್ಲಿಯ ವೈದ್ಯರು ಮೊದಲು ಪಾದವನ್ನು ಕೈಯಲ್ಲಿ ಹಿಡಿದು ಹರಡಿನ ಕೀಲನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರು. ಕೀಲು ಆಡಿದಾಗ ತಂದೆಯವರು ಅಷ್ಟಾಗಿ ನರಳಲಿಲ್ಲ, ಗಂಟನ್ನು ಒತ್ತಿದಾಗ ಮಾತ್ರ ಚೀರಿದರು. ಕೀಲಿನೊಳಗೇ ಸೋಂಕು ಹೊಕ್ಕಿದ್ದರೆ ಸ್ವಲ್ಪ ಅಲುಗಿಸಿದರೂ ತಡೆಯಲಾಗದ ನೋವಿರುತ್ತದೆ, ಆಗ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕಾಗುತ್ತಿತ್ತು ಎಂದು ವಿವರಿಸಿದರು. ಸೋಂಕು ತಗುಲಿದ್ದು ಕೀಲಿಗಲ್ಲ, ಗಂಟಾಗಿ ಕಾಣುತ್ತಿದ್ದ ಬರ್ಸಾಕ್ಕೆ ಎಂದರು. ಬರ್ಸಾ ಎಂದರೆ ಚರ್ಮ, ಸ್ನಾಯುರಜ್ಜು ಮತ್ತು ಮೂಳೆ ಒಂದಕ್ಕೊಂದು ಉಜ್ಜದಂತೆ ನಡುವೆ ಇರುವ, ಜಾರುವ ದ್ರವವನ್ನು ಹಿಡಿದಿಟ್ಟುಕೊಂಡ ತೆಳುವಾದ ಚೀಲ. ಹಿಮ್ಮಡಿಯ ಮೂಳೆಗೂ ಅದರ ಹಿಂದೆ ಹುರಿಯಂತೆ ಕೈಗೆ ಸಿಗುವ ಅಕಿಲಿಸ್ ಸ್ನಾಯುರಜ್ಜುವಿಗೂ ನಡುವೆ ಇಂಥದ್ದೊಂದು ಎಲ್ಲರಿಗೂ ಇರುತ್ತದೆ. ಹರಡಿನ ಮೂಳೆಯ ಮೇಲಿನದು ಹಾಗಲ್ಲ, ನೆಲದ ಒತ್ತಡಕ್ಕೆ ವರ್ಷಗಟ್ಟಲೆ ಸಿಕ್ಕು ಬೆಳೆಯುವಂಥದ್ದು. ಮೇಲೆ ತೆಳು ಚರ್ಮ ಬಿಟ್ಟರೆ ಬೇರೆ ರಕ್ಷಣೆಯಿಲ್ಲದ ಕಾರಣ, ಒಂದು ತರಚು ಗಾಯ ಸಾಕು, ನಮ್ಮ ಚರ್ಮದ ಮೇಲೆಯೇ ವಾಸವಾಗಿರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಒಳಗೆ ಸೇರಿಕೊಳ್ಳುತ್ತದೆ. ಇಂಥ ಸೋಂಕುಗಳಲ್ಲಿ ಬಹುಪಾಲು ಅದರದ್ದೇ.

ನಾನು ಈ ಚಿಕಿತ್ಸಾಲಯವನ್ನು ಮೆಚ್ಚುವುದು ಮುಖ್ಯವಾಗಿ ಮುಂದಿನ ಹೆಜ್ಜೆಗಾಗಿ. ಆಂಟಿಬಯೋಟಿಕ್ ಬರೆಯುವುದಕ್ಕೆ ಮೊದಲು ಅವರು ಸೂಜಿಯಿಂದ ಗಂಟಿನ ದ್ರವವನ್ನು ಹೊರತೆಗೆದು, ಗ್ರಾಂ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾ ನೋಡುವುದು) ಮತ್ತು ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿಗೆ ಬಗ್ಗುತ್ತದೆಂದು ನೋಡುವುದು) ಪರೀಕ್ಷೆಗಳಿಗೆ ಕಳುಹಿಸಿದರು. ಯೂರಿಕ್ ಆಮ್ಲದ ಹರಳುಗಳಿವೆಯೇ ಎಂದೂ ನೋಡಿಸಿದರು, ಏಕೆಂದರೆ ಆ ಹರಳುಗಳು ಕೀಲಿನಲ್ಲಿ ಸೇರಿ ಬಾವು ತರುವ ಗೌಟ್ ಕಾಯಿಲೆ ಕೂಡ ಇದೇ ಕೆಂಪು, ಇದೇ ಬಿಸಿಯೊಂದಿಗೆ ಬರುತ್ತದೆ, ಎರಡೂ ಒಟ್ಟಿಗೆ ಇರುವುದೂ ಉಂಟು. ಮೂಳೆಗೆ ತಾಗಿದೆಯೇ ಎಂದು ತಿಳಿಯಲು ಎಕ್ಸ್‌ರೇ ತೆಗೆಸಿದರು, ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿದರು. ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ನಮಗೆ ಗೊತ್ತಾದದ್ದೇ ಆ ದಿನ. ಸೋಂಕು ಅಷ್ಟು ಬೇಗ ಏಕೆ ಏರಿತೆಂಬುದಕ್ಕೆ ಅಲ್ಲಿ ಉತ್ತರ ಸಿಕ್ಕಿತು.

ವರದಿಗೆ ಕಾಯದೆ ಅಂದೇ ಔಷಧಿ ಶುರುವಾಯಿತು. ಕೆಂಪಿನ ಅಂಚಿನ ಉದ್ದಕ್ಕೂ ಪೆನ್ನಿನಿಂದ ಗೆರೆ ಎಳೆದು, ಅದು ಗೆರೆ ದಾಟಿದರೆ ಹೊತ್ತು ನೋಡದೆ ಬರಬೇಕೆಂದು ನನ್ನ ತಾಯಿಯವರಿಗೆ ಹೇಳಿದರು. ಓದು ಬಾರದ ಅವರಿಗೆ ಯಾವ ಚೀಟಿಗಿಂತಲೂ ಆ ಗೆರೆ ಚೆನ್ನಾಗಿ ಅರ್ಥವಾಯಿತು. ಮೂರನೆಯ ದಿನ ಬಂದ ಕಲ್ಚರ್ ವರದಿಯಲ್ಲಿ, ಮೊದಲು ಕೊಟ್ಟಿದ್ದ ಮಾತ್ರೆಗೆ ಆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲವೆಂದಿತ್ತು. ದ್ರವ ತೆಗೆಯದೇ ಇದ್ದಿದ್ದರೆ ಇದು ತಿಳಿಯುವ ಬಗೆಯೇ ಇರಲಿಲ್ಲ. ಮಾತ್ರೆ ಬದಲಾಯಿತು, ಗಂಟಿನಲ್ಲಿ ಮತ್ತೆ ತುಂಬಿದ್ದ ದ್ರವವನ್ನು ಇನ್ನೊಮ್ಮೆ ತೆಗೆದರು, ಒಟ್ಟು 14 ದಿನ ಔಷಧಿ ನಡೆಯಿತು. ಐದನೆಯ ದಿನಕ್ಕೇ ನೋವು ಇಳಿದಿದ್ದರಿಂದ ತಂದೆಯವರು ಮಾತ್ರೆ ನಿಲ್ಲಿಸಲು ಹೊರಟಿದ್ದರು. ಚಿಕಿತ್ಸಾಲಯದ ನರ್ಸ್ ಫೋನ್ ಮಾಡಿ ವಿಚಾರಿಸಿದಾಗ ಅದು ಗೊತ್ತಾಗಿ, ಅವರೇ ತಾಳ್ಮೆಯಿಂದ ತಿಳಿಹೇಳಿ ತಡೆದರು. ಕಾಲನ್ನು ದಿಂಬುಗಳ ಮೇಲೆ ಎತ್ತರಕ್ಕಿಟ್ಟು ಮಲಗುವುದು, ಗಂಟನ್ನು ತಿಕ್ಕದಿರುವುದು, ಅರಿಸಿನ ಸುಣ್ಣ ಹಚ್ಚದಿರುವುದು, ಗಾದಿ ಬಿಟ್ಟು ಕುರ್ಚಿಯ ಮೇಲೆ ಕೂರುವುದು, ಇಷ್ಟು ಅವರು ವಿಧಿಸಿದ ಪಥ್ಯ. ಇವುಗಳಲ್ಲಿ ಕುರ್ಚಿಯ ಮಾತಿಗೆ ಒಪ್ಪಿಸಲು ನಮಗೆ ಒಂದು ತಿಂಗಳು ಹಿಡಿಯಿತು.

ಕೊರತೆಗಳೂ ಇವೆ. ಚಿಕಿತ್ಸಾಲಯ ಮೊದಲ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲ. ಕಾಲು ಊರಲಾಗದವರೇ ಹೆಚ್ಚಾಗಿ ಬರುವ ಕಡೆ ಇದು ಸಣ್ಣ ಕೊರತೆಯಲ್ಲ. ತಂದೆಯವರನ್ನು ನಾವು ಇಬ್ಬರು ಹೊತ್ತು ಹತ್ತಿಸಬೇಕಾಯಿತು. ಸರದಿ ಚೀಟಿ ಪಡೆದ ಮೇಲೂ ಎರಡು ಗಂಟೆ ಕಾದೆವು, ಜ್ವರವಿದ್ದವರನ್ನು ಮುಂದೆ ಕಳುಹಿಸುವ ಏರ್ಪಾಡು ಕಾಣಲಿಲ್ಲ. ಸಮಾಲೋಚನೆಯ ಶುಲ್ಕ ಹೆಚ್ಚೆನಿಸಲಿಲ್ಲ, ಆದರೆ ಪರೀಕ್ಷೆಗಳ ಖರ್ಚನ್ನು ಮುಂಚಿತವಾಗಿ ತಿಳಿಸಿದ್ದರೆ ಒಳ್ಳೆಯದಿತ್ತು. ಭಾನುವಾರ ಬಾಗಿಲು ಮುಚ್ಚಿರುತ್ತದೆ. ಆ ದಿನ ಚಳಿಜ್ವರ ಬಂದರೆ ಅಥವಾ ಕೆಂಪು ಹರಡಿನಿಂದ ಕಾಲಿನ ಮೇಲ್ಗಡೆಗೆ ಏರಿದರೆ ಸೋಮವಾರಕ್ಕೆ ಕಾಯದೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕೆಂದು ಅವರೇ ನಮ್ಮ ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟಿದ್ದರು.